ಡಿಗ್ರಿಗೆ ಇಷ್ಟು ಮಾರ್ಕು, ಸರ್ವೀಸಿಗೆ ಇಷ್ಟು ಮಾರ್ಕು... ಎಲೆತೋಟಕ್ಕೆ?

ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಆಗಿಬಿಡುತ್ತೆ. ಒಂದು ಪಂಗಡದವರು "ಐಐಎಂನಿಂದ ಬಂದಿದಾನೆ ಕಣ್ರೀ, ಸುಮ್ನೆ ಅಲ್ಲ" ಅಂತ ಎದ್ದು ಕುರ್ಚಿ ಕೊಡ್ತಾರೆ. ಇನ್ನೊಂದು ಪಂಗಡದವರು "ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗ, ಟೈ ಕಟ್ಕೊಂಡು ಬಂದು ನಮಗೇ ಬುದ್ಧಿ ಹೇಳ್ತಾನೆ" ಅಂತ ನಗ್ತಾರೆ. ನಮ್ಮ ಬ್ಲಾಗಿಗರಲ್ಲಿ ಎರಡನೇ ಪಂಗಡದವರೇ ಜಾಸ್ತಿ ಅಂತ ನನ್ನ ಅಂದಾಜು. ಪಿಪಿಟಿ ಜೋಕು, ಎಂಬಿಎ ಜೋಕು ಬರೆದ್ರೆ ಕಮೆಂಟು ಚೆನ್ನಾಗಿ ಬೀಳುತ್ತೆ ನೋಡಿ :)

ನನ್ನ ತಕರಾರು ಇಬ್ಬರ ಮೇಲೂ ಇದೆ. ಕನ್ಸಲ್ಟೆಂಟ್ ಚೆನ್ನಾಗಿ ಕೆಲಸ ಮಾಡೋದು ಓದಿನಿಂದಲೋ ಅನುಭವದಿಂದಲೋ ಅಂತ ಕೇಳೋದೇ ಅರ್ಧ ಪ್ರಶ್ನೆ. ಕೇಳಬೇಕಾದ್ದು ಬೇರೆ ಎರಡಿದೆ. ಅವನ ಓದು ಅವನಿಗೆ ಪ್ರಶ್ನೆ ಕೇಳೋದನ್ನ ಕಲಿಸಿದೆಯಾ, ಅಥವಾ ಉತ್ತರ ಒಪ್ಪಿಸೋದನ್ನ ಮಾತ್ರ ಕಲಿಸಿದೆಯಾ? ಅವನ ಅನುಭವದಲ್ಲಿ, ತಾನು ಹೇಳಿದ ಮಾತಿನಿಂದ ಆದ ಲಾಭ-ನಷ್ಟವನ್ನ ತಾನೇ ಎದುರಿಗೆ ನಿಂತು ನೋಡಿದ ದಿನಗಳೆಷ್ಟು? ಈ ಎರಡನ್ನ ನಮ್ಮಲ್ಲಿ ಯಾರೂ ಅಳೆಯೋದಿಲ್ಲ. ಅಳೆಯೋದು ಏನನ್ನ ಅಂದ್ರೆ ಸರ್ಟಿಫಿಕೇಟನ್ನ ಮತ್ತೆ ವರ್ಷಗಳನ್ನ. ಯಾಕಂದ್ರೆ ಅವೆರಡನ್ನ ಆಫೀಸಿನಲ್ಲಿ ಕೂತೇ ಎಣಿಸಬಹುದು.

ಎಣಿಸೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಸರ್ಕಾರವೋ, ವಿಶ್ವಬ್ಯಾಂಕಿನ ಸಾಲ ತಗೊಂಡ ಯೋಜನೆಯೋ ಕನ್ಸಲ್ಟೆಂಟನ್ನ ಹುಡುಕುವಾಗ ತರಕಾರಿ ಟೆಂಡರಿನ ಹಾಗೆ ಬರೀ ರೇಟು ನೋಡಲ್ಲ. ಗುಣಮಟ್ಟಕ್ಕೆ ಇಷ್ಟು, ರೇಟಿಗೆ ಇಷ್ಟು ಅಂತ ಪಾಲು ಮಾಡ್ತಾರೆ, ಸಾಮಾನ್ಯವಾಗಿ 80:20 ಅಥವಾ 70:30. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದ್ರೆ ಆ ಗುಣಮಟ್ಟದ 80 ಏನು ಅಂತ ಬಿಡಿಸಿ ನೋಡಿ. ಕಂಪನಿ ಹಿಂದೆ ಇಂಥ ಎಷ್ಟು ಕೆಲಸ ಮಾಡಿದೆ, ಹೇಗೆ ಮಾಡ್ತೀನಿ ಅಂತ ಬರೆದುಕೊಟ್ಟಿದೆ, ಯಾರ ಯಾರ ಬಯೋಡೇಟಾ ಇಟ್ಟಿದೆ. ಬಯೋಡೇಟಾಕ್ಕೆ ಮಾರ್ಕು ಬೀಳೋದು ಡಿಗ್ರಿ ನೋಡಿ, ವರ್ಷ ನೋಡಿ, "ಇದೇ ಥರದ ಕೆಲಸ" ಎಷ್ಟು ಮಾಡಿದಾನೆ ನೋಡಿ. ವಿಶ್ವಬ್ಯಾಂಕಿನ ಮಾದರಿ ದಾಖಲೆಯಲ್ಲಿ ಆ ಪ್ರದೇಶದ ಅನುಭವ, ಅಲ್ಲಿನ ಭಾಷೆ ಅನ್ನೋದಕ್ಕೂ ಒಂದು ಖಾನೆ ಇದೆ, ಇಲ್ಲ ಅಂತಲ್ಲ. ಆದ್ರೆ ಊಟದೆಲೆಯಲ್ಲಿ ಉಪ್ಪು ಬಡಿಸಿದ ಹಾಗೆ, ಮೂಲೆಯಲ್ಲಿ ಚೂರು. ಪೂರಾ ಶೂನ್ಯ ಬಿದ್ದರೂ ಟೆಂಡರು ಗೆಲ್ಲಬಹುದು.

ಇನ್ನೊಂದು ಖಾನೆ ಹುಡುಕಿ ನೋಡಿ, ನನಗಂತೂ ಇದುವರೆಗೆ ಸಿಕ್ಕಿಲ್ಲ: "ಈತ ಹಿಂದೆ ಕೊಟ್ಟ ಸಲಹೆ ಐದು ವರ್ಷದ ಮೇಲೆ ಏನಾಯ್ತು?"

ಈ ಕಸುಬಿನ ಚರಿತ್ರೆ ನೋಡಿದ್ರೆ ತಮಾಷೆಯಾಗಿದೆ. ಇದರ ಮೂಲಪುರುಷ ಅಂತ ಎಲ್ಲರೂ ಹೇಳೋ ಫ್ರೆಡರಿಕ್ ಟೇಲರ್ ಅಮೆರಿಕದ ಫಿಲಡೆಲ್ಫಿಯಾದ ಸ್ಥಿತಿವಂತರ ಮನೆ ಹುಡುಗ. ಹಾರ್ವರ್ಡಿನ ಪ್ರವೇಶ ಪರೀಕ್ಷೆ ಪಾಸಾಗಿದ್ದವನು, ಅದನ್ನ ಬಿಟ್ಟು ಕಾರ್ಖಾನೆಯಲ್ಲಿ ಕೆಲಸ ಕಲಿಯೋ ಹುಡುಗನಾಗಿ ಸೇರಿದ. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಹೋದವನು ಅಲ್ಲೇ ಮುಖ್ಯ ಎಂಜಿನಿಯರ್ ಆದ. ಕೆಲಸ ಮಾಡ್ತಾ ಮಾಡ್ತಾನೇ 1883ರಲ್ಲಿ ಎಂಜಿನಿಯರಿಂಗ್ ಡಿಗ್ರಿ ತಗೊಂಡ. ಸಲಹೆಗಾರ ಅಂತ ಬೋರ್ಡು ಹಾಕಿದ್ದು 1893ರಲ್ಲಿ. ಅಂದ್ರೆ ಮೊದಲು ಲೇತು, ಆಮೇಲೆ ಡಿಗ್ರಿ, ಆಮೇಲೆ ಸಲಹೆ. ಟೇಲರನ ಎಲ್ಲ ವಿಚಾರ ಸರಿ ಅಂತ ನಾನು ಹೇಳ್ತಿಲ್ಲ. ಕಾರ್ಮಿಕರು ಅವನ ಪದ್ಧತಿಯನ್ನ ದ್ವೇಷಿಸಿದರು, ಅಮೆರಿಕದ ಸಂಸತ್ತೇ 1911-12ರಲ್ಲಿ ಅದರ ಬಗ್ಗೆ ವಿಚಾರಣೆ ಮಾಡ್ತು. ನಾನು ಹೇಳ್ತಿರೋದು ಅವನು ಬಂದ ದಾರಿಯ ಬಗ್ಗೆ ಮಾತ್ರ.

ಈ ದಾರಿ ಯಾವಾಗ ತಿರುಗಿತು? 1926ರಲ್ಲಿ ಶುರುವಾದ ಮೆಕಿನ್ಸೆ ಕಂಪನಿ ಮೊದಮೊದಲು ಉದ್ಯಮಗಳಲ್ಲಿ ಪಳಗಿದವರನ್ನೇ ತಗೋತಿತ್ತು. 1950ರ ದಶಕದ ಆರಂಭದಲ್ಲಿ ಮಾರ್ವಿನ್ ಬೋವರ್ ಕಾಲದಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ ನೇರವಾಗಿ ಎಂಬಿಎ ಹುಡುಗರನ್ನ ಆರಿಸೋಕೆ ಶುರು ಮಾಡಿದರು. ಉಳಿದವರೂ ಅದೇ ಹಾದಿ ಹಿಡಿದರು. ಕಾರಣ ಇಲ್ಲದೇ ಇಲ್ಲ. ಹಳಬರು ತಮ್ಮ ಹಳೇ ಕಾರ್ಖಾನೆಯ ರೂಢಿಯನ್ನೇ ಎಲ್ಲ ಕಡೆ ಹೇರ್ತಾರೆ, ಹುಡುಗರನ್ನಾದ್ರೆ ತಮಗೆ ಬೇಕಾದ ಹಾಗೆ ತಿದ್ದಬಹುದು ಅನ್ನೋ ಲೆಕ್ಕ. ಈ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಹಳಬರ ಬಗ್ಗೆ ಇದ್ದ ಆ ಅನುಮಾನ ಪೂರ್ತಿ ಸುಳ್ಳಲ್ಲ.

ಈಗ ನಮ್ಮ ಕಡೆಗೆ ಬರೋಣ. ಕನ್ನಡ ನಾಡಿನ ಅತಿ ದೊಡ್ಡ ಕನ್ಸಲ್ಟೆಂಟ್ ಯಾರು ಅಂತ ಕೇಳಿದ್ರೆ ನಾನು ಹೇಳೋ ಹೆಸರು ಸರ್ ಎಂ. ವಿಶ್ವೇಶ್ವರಯ್ಯ. ಎಂಜಿನಿಯರ್ ದಿನಾಚರಣೆಯ ಹಾರದ ಫೋಟೋ ವಿಶ್ವೇಶ್ವರಯ್ಯ ಅಲ್ಲ, ಸಲಹೆಗಾರ ವಿಶ್ವೇಶ್ವರಯ್ಯ. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿಎ, 1883ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಿಂದ ಎಂಜಿನಿಯರಿಂಗ್‌ನಲ್ಲಿ ಮೊದಲ ಸ್ಥಾನ. 1884ರಿಂದ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸುಮಾರು 24 ವರ್ಷ. ನಾಸಿಕ್, ಖಾನದೇಶ, ಸಿಂಧ್‌ನ ಸುಕ್ಕೂರ್, ಸೂರತ್, ಪುಣೆ... ನಾಲೆ, ನಲ್ಲಿ, ಚರಂಡಿ, ಖಡಕವಾಸ್ಲಾದ ತಾನೇ ತೆರೆದುಕೊಳ್ಳೋ ಗೇಟು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದಾಗ ನಿಜಾಮರು ಅವರನ್ನ ಸಲಹಾ ಎಂಜಿನಿಯರ್ ಅಂತಲೇ ಕರೆಸಿಕೊಂಡರು. ಮೇಲುಭಾಗದಲ್ಲಿ ಜಲಾಶಯ ಕಟ್ಟಿ ನೆರೆ ತಡೀರಿ ಅಂತ ಅವರು ಹೇಳಿದ್ದು ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆಯ್ತು.

ಇವತ್ತಿನ ಟೆಂಡರಿನಲ್ಲಿ ವಿಶ್ವೇಶ್ವರಯ್ಯನವರಿಗೂ ಪೂರ್ತಿ ಮಾರ್ಕು ಬೀಳ್ತಿತ್ತು. ಹಾಗಾದ್ರೆ ತಕರಾರು ಏನು? ತಕರಾರು ಇಷ್ಟೇ: ಅದೇ 24 ವರ್ಷ ಫೈಲಿಗೆ ಸಹಿ ಹಾಕ್ತಾ ಕೂತವನಿಗೂ ಅಷ್ಟೇ ಮಾರ್ಕು ಬೀಳ್ತಿತ್ತು. ಇಬ್ಬರನ್ನ ಬೇರೆ ಮಾಡೋ ಖಾನೆ ಆ ಹಾಳೆಯಲ್ಲಿಲ್ಲ.

ನಿಜವಾದ ಪರೀಕ್ಷೆ ಭದ್ರಾವತಿಯಲ್ಲಿ ಆಯ್ತು. ಮೈಸೂರಿಗೆ ಕಬ್ಬಿಣದ ಕಾರ್ಖಾನೆ ಬೇಕು ಅಂತ ದಿವಾನರಾಗಿದ್ದಾಗ (1912-18) ಪಟ್ಟು ಹಿಡಿದವರು ಅವರೇ. ಅಮೆರಿಕದ ಸಲಹಾ ಎಂಜಿನಿಯರುಗಳು ನಕ್ಷೆ ಮಾಡಿದರು. 1923ರ ಜನವರಿಯಲ್ಲಿ ಕುಲುಮೆ ಹತ್ತಿತು, ಹಿಂದೆಯೇ ನಷ್ಟವೂ ಹತ್ತಿತು. ವಿಶ್ವೇಶ್ವರಯ್ಯ ಆಗ ದಿವಾನಗಿರಿ ಬಿಟ್ಟು ಐದು ವರ್ಷ ಆಗಿತ್ತು. "ನಾನು ಹೇಳಿದ್ದು ಸರಿಯಾಗೇ ಇತ್ತು, ಮಾಡಿದವರು ಕೆಡಿಸಿದರು" ಅಂತ ಒಂದು ವರದಿ ಬರೆದು ಕೈ ತೊಳೆದುಕೊಳ್ಳಬಹುದಿತ್ತು, ಇವತ್ತಿನ ಎಷ್ಟು ಜನ ಅದನ್ನ ಮಾಡಲ್ಲ? ಅವರು ಹಾಗೆ ಮಾಡಲಿಲ್ಲ. 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು ಖರ್ಚು ಕಡಿಮೆ ಮಾಡಿದರು, ದುಬಾರಿ ವಿದೇಶಿ ಸಿಬ್ಬಂದಿಯ ಜಾಗಕ್ಕೆ ಇಲ್ಲಿನವರನ್ನ ತಯಾರು ಮಾಡಿದರು, ಕಾರ್ಖಾನೆಯನ್ನ ಕಾಲ ಮೇಲೆ ನಿಲ್ಲಿಸಿದರು. ತಾನು ಹೇಳಿದ ಯೋಜನೆಯ ಬಾಲ ತಾನೇ ಹಿಡಿಯೋದು ಅಂದ್ರೆ ಇದು. ನಾನು ಅನುಭವ ಅನ್ನೋದು ಇದನ್ನೇ.

"ಅದು ನೂರು ವರ್ಷದ ಹಿಂದಿನ ಮಾತು ಬಿಡ್ರಿ, ಮಹಾಪುರುಷರ ಕಥೆ" ಅಂತೀರಾ? ಸರಿ, ಹತ್ತಿರದ ಲೆಕ್ಕವನ್ನೇ ಕೊಡ್ತೀನಿ. 2008ರಿಂದ ಮುಂಬೈ ಸುತ್ತಮುತ್ತಲ ಬಟ್ಟೆ ಗಿರಣಿಗಳಲ್ಲಿ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು, 2013ರಲ್ಲಿ ಅದು ಪ್ರಕಟವಾಯ್ತು. ಕೆಲವು ಗಿರಣಿಗಳಿಗೆ ಕನ್ಸಲ್ಟೆಂಟುಗಳು ಒಂದು ತಿಂಗಳು ಹೋಗಿ ಏನು ತೊಂದರೆ ಇದೆ ಅಂತ ಪಟ್ಟಿ ಮಾಡಿಕೊಟ್ಟು ಬಂದರು. ಇನ್ನು ಕೆಲವಕ್ಕೆ ಅದೇ ಪಟ್ಟಿ ಜೊತೆಗೆ ಇನ್ನೂ ನಾಲ್ಕು ತಿಂಗಳು ಅಲ್ಲೇ ಇದ್ದು, ಹೇಳಿದ್ದನ್ನ ಮಾಡಿಸಿದರು. ಎರಡೂ ಕಡೆ ಹೋದವರು ಒಂದೇ ಕಂಪನಿಯವರು. ಒಳ್ಳೊಳ್ಳೇ ಎಂಜಿನಿಯರಿಂಗ್, ಬಿಸಿನೆಸ್ ಸ್ಕೂಲುಗಳಲ್ಲಿ ಓದಿದವರು, ಬಹುತೇಕರಿಗೆ ಬಹುರಾಷ್ಟ್ರೀಯ ಕಂಪನಿಗಳಲ್ಲಿ ದುಡಿದ ಅನುಭವ. ಡಿಗ್ರಿ ಒಂದೇ, ವರ್ಷ ಒಂದೇ. ಮೊದಲ ವರ್ಷದಲ್ಲೇ ಉತ್ಪಾದಕತೆ 17% ಏರಿದ್ದು ನಾಲ್ಕು ತಿಂಗಳು ಹೆಚ್ಚಿಗೆ ಉಳಿದ ಗಿರಣಿಗಳಲ್ಲಿ. ಬರೀ ಪಟ್ಟಿ ಕೊಟ್ಟು ಬಂದ ಗಿರಣಿಗಳು ಅವಕ್ಕೆ ಹೋಲಿಸಿದ್ರೆ ಹಿಂದೆಯೇ ಉಳಿದವು.

ಅಲ್ಲಿ ಮಾಡಿಸಿದ ಕೆಲಸ ಏನು ಗೊತ್ತಾ? ರಾಕೆಟ್ ವಿಜ್ಞಾನ ಏನಲ್ಲ. ಯಾವ ಮಗ್ಗ ಯಾವಾಗ ಕೆಟ್ಟಿತು ಅಂತ ಬರೆದಿಡೋದು. ನೂಲು ಯಾವ ಮೂಲೆಯಲ್ಲಿ ಎಷ್ಟಿದೆ ಅಂತ ಎಣಿಸಿ ಚೀಟಿ ಹಚ್ಚೋದು. ಬಟ್ಟೆಯಲ್ಲಿ ದೋಷ ಯಾಕೆ ಬಂತು ಅಂತ ದಿನಾ ಕೂತು ಮಾತಾಡೋದು. ನೆಲ ಗುಡಿಸೋದು! ಸುಮಾರು ಎಂಟೊಂಬತ್ತು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿದಾಗ ಈ ರೂಢಿಗಳಲ್ಲಿ ಅರ್ಧದಷ್ಟು ಬಿಟ್ಟುಹೋಗಿದ್ದವು, ಮ್ಯಾನೇಜರು ಬದಲಾಗಿದ್ದೂ ಅದಕ್ಕೊಂದು ಕಾರಣ. ಆದ್ರೂ ಆ ಗಿರಣಿಗಳು ಉಳಿದವಕ್ಕಿಂತ ಮುಂದೇ ಇದ್ದವು. ಹೀಗೆ ಹಿಂದಿರುಗಿ ಹೋಗಿ ನೋಡಿದ್ದಕ್ಕೇ ಇಷ್ಟು ತಿಳಿದದ್ದು. ನಮ್ಮ ಯೋಜನೆಗಳಲ್ಲಿ ಹೀಗೆ ಹಿಂದಿರುಗಿ ಬರೋ ಕನ್ಸಲ್ಟೆಂಟ್ ಎಷ್ಟು ಜನ?

ಮಗ್ಗದ ಮಾತು ಸಾಕು, ನಮ್ಮೂರಿನ ಎಲೆತೋಟಕ್ಕೆ ಬನ್ನಿ. ಸವಣೂರು ಅಂದ್ರೆ ಬಹಳ ಜನಕ್ಕೆ ಖಾರ ಗೊತ್ತು, ನವಾಬರು ಗೊತ್ತು, ದೊಡ್ಡಹುಣಸೆ ಮರ ಗೊತ್ತು. ಆದ್ರೆ ಊರಿನ ನಿಜವಾದ ಹೆಸರು ಇರೋದು ವೀಳ್ಯದೆಲೆಯಲ್ಲಿ. ನುಗ್ಗೆ, ಚೊಗಚೆ ಗಿಡಗಳಿಗೆ ಬಳ್ಳಿ ಹಬ್ಬಿಸಿ ತಲೆತಲಾಂತರದಿಂದ ಎಲೆ ಬೆಳೆಯೋ ಮನೆಗಳಿವೆ. ಕೊಯ್ದ ಎಲೆಗೆ ಆಯಸ್ಸು ಕೆಲವೇ ದಿನ. ಬೆಂಬಲ ಬೆಲೆ ಇಲ್ಲ. ಇವತ್ತಿನ ರೇಟು ಇವತ್ತಿಗೆ.

ಕೆಲವು ವರ್ಷಗಳ ಹಿಂದೆ ಒಂದು ಸಲಹಾ ಸಂಸ್ಥೆಯವರು (ಹೆಸರು ಬೇಡ ಬಿಡಿ) ಈ ಎಲೆ ಬೆಳೆಗಾರರಿಗೆ ಯೋಜನೆ ಮಾಡಿಕೊಡ್ತೀವಿ ಅಂತ ಬಂದರು. ಅವರ ಜೊತೆ ಎರಡು ದಿನ ತೋಟ ತಿರುಗಿದವನು ನಾನು. ಬಂದವರು ಇಬ್ಬರು. ಒಬ್ಬರು ಹಿರಿಯರು, 22 ವರ್ಷದ ಅನುಭವ, ಕೃಷಿ ಮಾರುಕಟ್ಟೆಯಲ್ಲಿ ಪಳಗಿದವರು, ಕನ್ನಡ ಬಾರದು. ಇನ್ನೊಬ್ಬಳು ಹುಬ್ಬಳ್ಳಿ ಕಡೆಯ ಹುಡುಗಿ, ಎಂಬಿಎ ಮುಗಿಸಿ ಇನ್ನೂ ವರ್ಷ ತುಂಬಿಲ್ಲ.

ಹಿರಿಯರು ಅದಕ್ಕೂ ಮೊದಲು ನಮ್ಮದೇ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೆಲಸ ಮಾಡಿದ್ದರು. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜಿಗೆ ಅರ್ಥ ಇದೆ. ಒಣಮೆಣಸಿನಕಾಯಿ ಚೀಲದಲ್ಲಿ ತಿಂಗಳುಗಟ್ಟಲೆ ಕಾಯುತ್ತೆ, ಬಣ್ಣ ಕೆಡದ ಹಾಗೆ ತಂಪಿನಲ್ಲಿಟ್ಟು ರೇಟು ಬಂದಾಗ ತೆಗೆಯಬಹುದು. ಆ ಅನುಭವ ಅವರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದ್ರೆ ಸವಣೂರಿಗೆ ಕಾಲಿಡೋ ಮೊದಲೇ ಉತ್ತರ ತಯಾರಿತ್ತು: ಎಲೆಗೊಂದು ಕೋಲ್ಡ್ ಸ್ಟೋರೇಜ್. ಸ್ಲೈಡು ಕೂಡ ತಯಾರಿತ್ತು.

ತೋಟದಲ್ಲಿ ಒಬ್ಬ ಹಿರಿಯ ಬೆಳೆಗಾರರು ಎಲ್ಲ ಕೇಳಿ ಮುಗಿಸಿ ನನ್ನ ಕಡೆ ತಿರುಗಿ ಅಂದ್ರು, "ತಮ್ಮಾ, ಸಾಹೇಬ್ರಿಗೆ ಒಂದ್ ಮಾತ್ ಕೇಳು. ಎಲಿ ಭಾಳ ತಂಪಿಗಿ ಇಟ್ರ ಕರ್ರಗ ಆಕ್ಕೈತಿ. ಕರೀ ಎಲಿ ಯಾರ್ ತಿಂತಾರ? ಮತ್ತ ನಾಳಿ ಹೊಸಾ ಎಲಿ ಪ್ಯಾಟಿಗಿ ಬರೂದನ್ನ ಯಾರ್ ನಿಂದ್ರಸ್ತಾರ?" ನಾನು ಹೇಳಿದೆ. ಸಾಹೇಬರು ನಕ್ಕು, ಉಷ್ಣತೆ ಹೊಂದಿಸಬಹುದು, ಅದೆಲ್ಲ ತಾಂತ್ರಿಕ ವಿಷಯ ಅಂದರು. ಹೊಸ ಎಲೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಆ ಹುಡುಗಿ ಮಾತ್ರ ನೋಟ್‌ಬುಕ್ ತೆಗೆದು ಕೂತಳು. "ಕಾಕಾರ, ಹೋದ ವಾರ ಯಾವ ದಿನ ಎಷ್ಟು ರೇಟ್ ಸಿಕ್ತರೀ? ಯಾರಿಗೆ ಕೊಟ್ರಿ? ಗಾಡಿ ಎಷ್ಟಕ್ಕ ಹೋತು?" ಕಾಕಾಗೆ ಬಾಯಿಲೆಕ್ಕ ಗೊತ್ತಿತ್ತು, ಬರೆದಿಟ್ಟದ್ದು ಇರಲಿಲ್ಲ. ಅವಳು ನಾಲ್ಕೈದು ಮನೆಗಳಿಗೆ ಗೆರೆ ಹಾಕಿದ ಹಾಳೆ ಕೊಟ್ಟು, ಒಂದು ವಾರ ದಿನಾ ಬರೀರಿ ಅಂತ ಹೇಳಿ, ಫೋನಿನಲ್ಲಿ ಬೆನ್ನು ಹತ್ತಿ ಬರೆಸಿದಳು. ವಾರದ ಮೇಲೆ ಹಾಳೆಗಳನ್ನ ಪಕ್ಕ ಪಕ್ಕ ಇಟ್ಟಾಗ ಕಂಡಿದ್ದೇನು ಅಂದ್ರೆ, ಬೆಳೆಗಾರರು "ಪ್ಯಾಟಿ ಬಿತ್ತು" ಅಂತ ಬೈದುಕೊಳ್ತಿದ್ದ ದಿನಗಳಲ್ಲಿ ಬಹಳಷ್ಟು ದಿನ ಪೇಟೆ ಬಿದ್ದಿರಲಿಲ್ಲ, ಗಾಡಿ ತಪ್ಪಿತ್ತು. ತಡವಾಗಿ ಹೋದ ಪೆಂಡಿಗೆ ರೇಟು ಮುರಿದಿತ್ತು. ಇಷ್ಟು ವರ್ಷ ಎಲೆ ಬೆಳೆದ ಕಾಕಾಗೂ ಅದು ಹಾಗೆ ಕಣ್ಣಿಗೆ ಕಂಡಿರಲಿಲ್ಲ!

ಇಲ್ಲಿ ಎರಡನೇ ಪಂಗಡದವರು, ಅಂದ್ರೆ "ಅನುಭವ ಮುಂದೆ ಡಿಗ್ರಿ ಏನ್ರೀ" ಅನ್ನೋರು, ಸ್ವಲ್ಪ ನಿಂತು ನೋಡಬೇಕು. ಸಾಹೇಬರ ಅನುಭವವೇ ಸಾಹೇಬರಿಗೆ ಅಡ್ಡ ಬಂದಿತ್ತು. ಕಾಕಾನ ಅನುಭವಕ್ಕೂ ಒಂದು ಕುರುಡು ಮೂಲೆ ಇತ್ತು. ಮೆಣಸಿನಕಾಯಿ ಕಲಿಸಿದ ಪಾಠ ಎಲೆಗೆ ಹೊಂದುತ್ತಾ ಅಂತ ಕೇಳದೇ ಇದ್ರೆ 22 ವರ್ಷ ಅನ್ನೋದು ಬರೀ ಭಾರ. ಆವತ್ತು ಓದು ಕೆಲಸಕ್ಕೆ ಬಂತು. ಎಣಿಸು, ಬರೆ, ಪಕ್ಕದಲ್ಲಿಟ್ಟು ಹೋಲಿಸು, ಆಮೇಲೆ ಬಾಯಿಬಿಡು ಅನ್ನೋದನ್ನ ಆ ಹುಡುಗಿಗೆ ಯಾವುದೋ ಕ್ಲಾಸ್ ರೂಮು ಕಲಿಸಿತ್ತು. ಅದನ್ನ ಕೆಲಸಕ್ಕೆ ಹಚ್ಚೋಕೆ ಅವಳ ಹುಬ್ಬಳ್ಳಿ ಮಾತು ದಾರಿ ಮಾಡಿತು. ಎಂಬಿಎ ಜೋಕು ಹೇಳೋರು ಈ ಹುಡುಗಿಯನ್ನ ಯಾವ ಖಾನೆಗೆ ಹಾಕ್ತೀರಿ?

ಆಮೇಲೆ ಏನಾಯ್ತು ಅಂತ ಕೇಳ್ತೀರಾ? ವರದಿಯಲ್ಲಿ ಬಂದದ್ದು ಕೋಲ್ಡ್ ಸ್ಟೋರೇಜೇ. ಗಾಡಿಯ ಮಾತು ಅನುಬಂಧದಲ್ಲೂ ಇರಲಿಲ್ಲ. ಯಾಕಂದ್ರೆ ಟೆಂಡರಿನಲ್ಲಿ ಮಾರ್ಕು ತಂದುಕೊಟ್ಟ ಬಯೋಡೇಟಾ ಸಾಹೇಬರದು, ಸಹಿಯೂ ಅವರದೇ. ವರದಿ ಕಪಾಟು ಸೇರಿತು, ಕೋಲ್ಡ್ ಸ್ಟೋರೇಜು ಇವತ್ತಿಗೂ ಆಗಿಲ್ಲ. ಆಗದೇ ಇದ್ದದ್ದು ಪುಣ್ಯ ಅಂತ ಕಾಕಾ ಅಂತಾರೆ. ಸಾಹೇಬರ ಬಯೋಡೇಟಾದಲ್ಲಿ ಮಾತ್ರ "ವೀಳ್ಯದೆಲೆ ಕ್ಷೇತ್ರದಲ್ಲಿ ಅನುಭವ" ಅಂತ ಒಂದು ಸಾಲು ಜಾಸ್ತಿ ಆಗಿರುತ್ತೆ. ಮುಂದಿನ ಊರಿನ ಎಲೆ ಬೆಳೆಗಾರರ ಗತಿ ನೆನೆಸಿಕೊಳ್ಳಿ.

ಇದು ಒಂದೂರಿನ ಕಥೆ ಅಂತ ತಳ್ಳಿಹಾಕಬೇಡಿ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನ ಕಟ್ಟೋ ಯೋಜನೆ ಶುರು ಮಾಡ್ತು. ಒಳ್ಳೇ ಯೋಜನೆ, ನನ್ನ ವಿರೋಧ ಇಲ್ಲ. ಈ ಸಂಸ್ಥೆಗಳನ್ನ ಹುಟ್ಟುಹಾಕಿ ಕೈಹಿಡಿದು ನಡೆಸೋಕೆ ಪರಿಣತ ಸಂಸ್ಥೆಗಳನ್ನ ನೇಮಿಸಿದರು. ಅವುಗಳಲ್ಲಿ ಬೆಳೆ, ಮಾರುಕಟ್ಟೆ, ಜನಸಂಘಟನೆ, ಕಾನೂನು-ಲೆಕ್ಕಪತ್ರ, ಐಟಿ ಅಂತ ಐದು ವಿಭಾಗದ ತಜ್ಞರಿರಬೇಕು. ಅಂದ್ರೆ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಅನ್ನೋದು ಬೆಂಗಳೂರಿನ ಗಾಜಿನ ಕಟ್ಟಡ ಇಳಿದು ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕುಗಳಿಗೆ ಹೊಂದೋ ಹಾಗೆ ಬಂತು. ಈಗ ದುಡ್ಡಿನ ಲೆಕ್ಕ ನೋಡಿ. ರೈತರ ಸಂಸ್ಥೆಗೆ ಆಡಳಿತ ನಡೆಸೋಕೆ ಮೂರು ವರ್ಷಕ್ಕೆ ಹೆಚ್ಚೆಂದರೆ 18 ಲಕ್ಷ ರೂಪಾಯಿ. ಅದೇ ಒಂದು ಸಂಸ್ಥೆಯನ್ನ ಕೈಹಿಡಿದು ನಡೆಸಿದ್ದಕ್ಕೆ ಪರಿಣತರಿಗೆ ಐದು ವರ್ಷಕ್ಕೆ ಹೆಚ್ಚೆಂದರೆ 25 ಲಕ್ಷ. ರೈತರ ಷೇರು ಹಣಕ್ಕೆ ಸರಿಸಮ ಅನುದಾನ ಬೇರೆ ಇದೆ, 15 ಲಕ್ಷದವರೆಗೆ, ಅದನ್ನ ಮುಚ್ಚಿಡಲ್ಲ. ಆದ್ರೂ ದಿನಾ ಅಂಗಡಿ ಬಾಗಿಲು ತೆಗೆದು ಕೂರೋ ಸಿಇಒ ಸಂಬಳಕ್ಕೆ ಈ ಯೋಜನೆಯಿಂದ ಸಿಗೋದು ತಿಂಗಳಿಗೆ 25 ಸಾವಿರದವರೆಗೆ ಮಾತ್ರ. ನಷ್ಟ ಆದ್ರೆ ಮುಖ ತೋರಿಸಬೇಕಾದವನು ಅವನು. ಸಲಹೆ ಕೊಟ್ಟವರು ಅಷ್ಟೊತ್ತಿಗೆ ಇನ್ನೊಂದು ತಾಲ್ಲೂಕಿನಲ್ಲಿರ್ತಾರೆ.

ಹಾಗಂತ ಹೊರಗಿನವರ ಸಲಹೆಯೇ ಬೇಡ, ನಮ್ಮೂರಿನವರೇ ಸಾಕು ಅಂತ ನಾನು ಹೇಳ್ತಿಲ್ಲ. ಇದಕ್ಕೂ ಸವಣೂರಿನದೇ ಉದಾಹರಣೆ ಇದೆ. 1909ರಲ್ಲಿ ಇಲ್ಲೇ ಹುಟ್ಟಿದ ವಿ.ಕೃ. ಗೋಕಾಕರು. ಧಾರವಾಡದ ಕರ್ನಾಟಕ ಕಾಲೇಜು, ಅಲ್ಲಿಂದ ಆಕ್ಸ್‌ಫರ್ಡ್. ಆಮೇಲೆ ಪುಣೆ, ಸಾಂಗಲಿ, ಕೊಲ್ಹಾಪುರ, ಧಾರವಾಡದ ಕಾಲೇಜುಗಳಲ್ಲಿ ಮೇಷ್ಟ್ರು, ಪ್ರಿನ್ಸಿಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಇಂಗ್ಲಿಷ್ ಪ್ರೊಫೆಸರ್. 1980ರಲ್ಲಿ ಶಾಲೆಗಳಲ್ಲಿ ಭಾಷೆಯ ಸ್ಥಾನ ಏನಿರಬೇಕು ಅಂತ ಹೇಳೋಕೆ ಸರ್ಕಾರ ಸಮಿತಿ ಮಾಡಿದಾಗ ಅಧ್ಯಕ್ಷರಾದವರು ಅವರೇ. ಇಂಗ್ಲಿಷ್ ಕಲಿಸಿ ಬದುಕಿದ ಮನುಷ್ಯ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ಬರೆದುಕೊಟ್ಟರು. ಓದು ಅವರನ್ನ ಕಟ್ಟಿಹಾಕಲಿಲ್ಲ, ಎಷ್ಟೋ ವರ್ಷ ಮಕ್ಕಳ ಎದುರಿಗೆ ನಿಂತದ್ದು ಕೆಲಸಕ್ಕೆ ಬಂತು ಅಂತಲೇ ನಾನು ತಿಳಿದಿರೋದು.

ಆದ್ರೂ ಗಮನಿಸಿ, ಇಷ್ಟು ಓದು, ಇಷ್ಟು ಅನುಭವ ಇದ್ದವರ ವರದಿ ಕೂಡ ತಾನಾಗೇ ನಡೆಯಲಿಲ್ಲ. 1982ರಲ್ಲಿ ಸಾಹಿತಿಗಳು, ವಿದ್ಯಾರ್ಥಿಗಳು, ರಾಜ್‌ಕುಮಾರ್ ಬೀದಿಗೆ ಬಂದ ಮೇಲೇ ಆ ಕಾಗದಕ್ಕೆ ಕಾಲು ಬಂದದ್ದು. ಸಲಹೆ ಎಷ್ಟೇ ಚೆನ್ನಾಗಿರಲಿ, "ಇದು ನಮ್ಮದು" ಅಂತ ಹಿಡಿದುಕೊಳ್ಳೋ ಜನ ಇಲ್ಲದಿದ್ರೆ ಅದರ ಜಾಗ ಕಪಾಟು. ಎಲೆ ಬೆಳೆಗಾರರು ತಾವೇ ಬರೆದ ಹಾಳೆಯನ್ನ ತಮ್ಮದು ಅಂದುಕೊಂಡರು, ಕೆಲವು ಮನೆಗಳಲ್ಲಿ ಈಗಲೂ ಬರೀತಾರೆ. ವರದಿಯನ್ನ ಯಾರೂ ಓದಲೇ ಇಲ್ಲ, ಅದು ಇಂಗ್ಲಿಷಿನಲ್ಲಿತ್ತು.

ಒಂದು ಆಕ್ಷೇಪಣೆ ಬಂದೇ ಬರುತ್ತೆ, ನಾನೇ ಹೇಳಿಬಿಡ್ತೀನಿ. "ಡಿಗ್ರಿ, ವರ್ಷ ಬಿಟ್ಟು ಬೇರೇನಾದ್ರೂ ನೋಡಿ ಅಂದ್ರೆ ಅಧಿಕಾರಿಗಳು ತಮಗೆ ಬೇಕಾದವರಿಗೆ ಮಾರ್ಕು ಹಾಕ್ತಾರೆ. ಎಣಿಸೋಕಾಗೋದನ್ನ ಎಣಿಸಿದ್ರೆ ಭ್ರಷ್ಟಾಚಾರ ಕಮ್ಮಿ." ಇದು ಗಟ್ಟಿ ಮಾತು, ಒಪ್ತೀನಿ. ಅದಕ್ಕೇ ನಾನು ಕೇಳ್ತಿರೋದು ಕೂಡ ಎಣಿಸಬಹುದಾದ್ದನ್ನೇ.

ಒಂದು, ಬಯೋಡೇಟಾದ ಪ್ರತಿ ಕೆಲಸದ ಮುಂದೆ "ಸಲಹೆ ಜಾರಿಗೆ ಬಂತಾ, ಈಗ ಏನಾಗಿದೆ" ಅಂತ ಒಂದು ಖಾನೆ ಇರಲಿ, ಸಲಹೆ ಪಡೆದವರ ಸಹಿ ಇರಲಿ. ಎರಡು, ಊರಿನಲ್ಲಿ ಕಳೆದ ದಿನಗಳ ಲೆಕ್ಕ. ಬಯೋಡೇಟಾ ಇಟ್ಟ ಹಿರಿಯರು ತೋಟದಲ್ಲಿ ಎಷ್ಟು ದಿನ ಇದ್ದರು ಅಂತ ಹಾಜರಿ ಪುಸ್ತಕವೇ ಹೇಳಲಿ, ಕೂಲಿಗೆ ಬಂದವರ ಹಾಜರಿ ತಗೊಳ್ಳಲ್ವಾ ನಾವು? ಮೂರು, ಫೀಸಿನ ಒಂದು ಪಾಲನ್ನ ತಡೆಹಿಡಿದು, ಎರಡು ವರ್ಷದ ಮೇಲೆ ಅವರೇ ವಾಪಸ್ ಬಂದು ಏನಾಯ್ತು ಅಂತ ಜನರ ಮುಂದೆ ಹೇಳಿದ ಮೇಲೆ ಕೊಡಿ. ನಾಲ್ಕು, ಜಿಲ್ಲೆಯ ಭಾಷೆಗೆ ಉಪ್ಪಿನ ಜಾಗ ಸಾಲದು. ತಂಡದಲ್ಲಿ ತೀರ್ಮಾನ ಮಾಡೋ ಒಬ್ಬರಿಗಾದ್ರೂ ಜನರ ಮಾತು ಅರ್ಥ ಆಗಬೇಕು, ಇಲ್ಲಾಂದ್ರೆ ಟೆಂಡರು ಕೂಡದು. ವರದಿ ಕನ್ನಡದಲ್ಲೂ ಬರಬೇಕು.

ಇನ್ನು ನಮ್ಮ ಕಾಲೇಜುಗಳಿಗೂ ಒಂದು ಮಾತು. ಧಾರವಾಡ, ಹುಬ್ಬಳ್ಳಿಯಲ್ಲಿ ಎಂಬಿಎ ಕೋರ್ಸುಗಳಿಗೆ ಬರ ಇಲ್ಲ. ಅಲ್ಲಿನ ಹುಡುಗರು ಅಮೆರಿಕದ ಕಂಪನಿಗಳ ಕೇಸ್ ಸ್ಟಡಿ ಓದಿ ಪಾಸಾಗ್ತಾರೆ. ಓದಲಿ, ಬೇಡ ಅನ್ನಲ್ಲ. ಜೊತೆಗೆ ಒಂದು ಸೆಮಿಸ್ಟರ್ ಬ್ಯಾಡಗಿ ಮಾರುಕಟ್ಟೆಯಲ್ಲೋ, ಹಾನಗಲ್ಲಿನ ಮಾವಿನ ಮಂಡಿಯಲ್ಲೋ, ಸವಣೂರಿನ ಎಲೆಪೇಟೆಯಲ್ಲೋ ಲೆಕ್ಕ ಬರೆಯೋಕೆ ಕಳಿಸಿ. ಬರೀ ನೋಡಿಕೊಂಡು ಬರೋದಲ್ಲ, ಮೂರು ತಿಂಗಳು ಅಲ್ಲಿನ ಒಂದು ಅಂಗಡಿಯ ಖಾತೆ ಅವರ ಕೈಯಲ್ಲಿರಬೇಕು, ತಪ್ಪಿದ್ರೆ ಬೈಸಿಕೊಳ್ಳಬೇಕು. ಆ ಹುಬ್ಬಳ್ಳಿ ಹುಡುಗಿಯಂಥವರು ಆಗ ಇನ್ನೂ ಹತ್ತು ಜನ ಸಿಗ್ತಾರೆ.

ಆ ಹುಡುಗಿ ಈಗ ಆ ಸಂಸ್ಥೆಯಲ್ಲಿಲ್ಲ ಅಂತ ಕೇಳಿದೆ. ಅವಳ ಬಯೋಡೇಟಾದಲ್ಲಿ ಸವಣೂರಿನ ಗಾಡಿಯ ಲೆಕ್ಕ ಬರೆಯೋಕೆ ಯಾವ ಖಾನೆಯೂ ಇರಲಿಕ್ಕಿಲ್ಲ.

ನಿಮ್ಮ ಊರಿಗೂ ಇಂಥ ತಂಡಗಳು ಬಂದಿರ್ತವೆ. ಕೆರೆ ಹೂಳೆತ್ತೋಕೆ, ಬಸ್ ಸ್ಟ್ಯಾಂಡ್ ಕಟ್ಟೋಕೆ, ನಲ್ಲಿ ನೀರಿಗೆ, ಸಂಘ ಕಟ್ಟೋಕೆ. ಬಂದವರು ಏನು ಓದಿದ್ರು, ಎಷ್ಟು ವರ್ಷದ ಅನುಭವ ಅಂತಿದ್ರು, ಎಷ್ಟು ದಿನ ಇದ್ರು, ಅವರು ಹೇಳಿದ್ದು ಈಗ ಏನಾಗಿದೆ? ಹೆಸರು ಬೇಡ, ಕಥೆ ಬರೀರಿ. ಕಮೆಂಟಿನಲ್ಲಿ ಆದ್ರೂ ಸರಿ, ನಿಮ್ಮ ಬ್ಲಾಗಿನಲ್ಲಾದ್ರೂ ಸರಿ. ಟೆಂಡರಿನವರು ಎಣಿಸದೇ ಬಿಟ್ಟದ್ದನ್ನ ನಾವಾದ್ರೂ ಎಣಿಸೋಣ. ನನ್ನ ಜೊತೆ ಜಗಳಕ್ಕೆ ಬರೋರು ಬನ್ನಿ, ಎಲೆ ಅಡಿಕೆ ತಯಾರಿದೆ :)